ತೂತಿಗೆ ಪಟ್ಟಿ ಅಂಟಿಸಿದವರಿಗೆ

ಬರಿದಾದ ವರ್ಷ ನಲವತ್ತೊಂದು, ಎರಡನೆಯ ಬೇಸಿಗೆಯ ನೂರ ಅರವತ್ತೆಂಟನೆಯ ದಿನ, ತಳವೂರು.

ಮದುವೆ ಕ್ಯಾಸೆಟ್ಟಿನ ತೂತಿಗೆ ಸೆಲ್ಲೋ ಟೇಪು ಅಂಟಿಸಿದ ಹಿರಿಯರಿಗೆ ನೋಟದ ಮನೆಯ ಸಂಕವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಮೂವತ್ತೊಂದನೆಯ ಇಸವಿ ಎಂದು ನನ್ನ ಗುರು ಹೇಳುತ್ತಿದ್ದಳು. ಒಂದೆರಡು ವರ್ಷ ಆಚೀಚೆ ಇದ್ದರೂ ಇರಬಹುದು. ಅಣೆಕಟ್ಟಿನ ಹಿನ್ನೀರು ಪೂರ್ತಿ ಬತ್ತಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಮಳೆಗಾಲ ಹನ್ನೊಂದು ದಿನಕ್ಕೆ ಇಳಿದ ಮೇಲೆ ಅದರ ಹಿಂದೊಂದು ಮುಂದೊಂದು ಎಂದು ಬೇಸಿಗೆಯನ್ನು ಎರಡು ಮಾಡಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಾನು ಬರೆಯಲು ಕಲಿತದ್ದು ನಿಮ್ಮ ಕಾಲದ ರಿಪೇರಿ ಪುಸ್ತಕಗಳಿಂದ, ಲಗ್ನಪತ್ರಿಕೆಗಳಿಂದ, ಡಬ್ಬಿಗಳ ಮೇಲಿನ ಅಕ್ಷರಗಳಿಂದ. ಹಾಗಾಗಿ ನನ್ನ ಬರಹದಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂಬಂಥದ್ದೂ 'ತೇವದಿಂದ ದೂರವಿಡಿ' ಎಂಬಂಥದ್ದೂ ಒಂದೇ ಸಾಲಿನಲ್ಲಿ ಬಂದುಬಿಡುವುದುಂಟು.

ಈ ಕಾಗದಕ್ಕೆ ನಮ್ಮಲ್ಲಿ ಒಳಚೀಟಿ ಎನ್ನುತ್ತಾರೆ. ನಮ್ಮ ಕಸುಬಿನವರು ಯಾವ ಯಂತ್ರವನ್ನು ಬಿಚ್ಚಿದರೂ, ಮುಚ್ಚುವ ಮೊದಲು ಅದರ ಹೊಟ್ಟೆಯೊಳಗೆ ಒಂದು ಚೀಟಿ ಬರೆದಿಡಬೇಕು. ಅದು ಮುಂದೆ ಬಿಚ್ಚುವವರಿಗಲ್ಲ, ಹಿಂದೆ ಬಳಸಿದವರಿಗೆ. ನೀವು ಇದನ್ನು ಹೀಗೆ ಕೆಡಿಸಿದಿರಿ, ನಾನು ಹೀಗೆ ಸರಿಮಾಡಿದೆ, ಅಥವಾ ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದೆ ಎಂದು ಬರೆಯಬೇಕು. ಸತ್ತು ನೂರು ವರ್ಷವಾದವರಿಗೆ ಯಾಕೆ ಕಾಗದ ಎಂದು ಚಿಕ್ಕವಳಿದ್ದಾಗ ನನ್ನ ಗುರು ಹುಸೇನಬಿಯನ್ನು ಕೇಳಿದ್ದೆ. "ಇದ್ದವರಿಗೆ ಬರದ್ರ ಸುಳ್ಳ ಬರೀತಿ, ಅದಕ್ಕ" ಎಂದಿದ್ದಳು ಮುದುಕಿ. ಒಳಚೀಟಿಯಲ್ಲಿ ಸುಳ್ಳು ಬರೆಯುವಂತಿಲ್ಲ. ಮೇಲುಕವಚ ಮುಚ್ಚಿ ಸ್ಕ್ರೂ ಬಿಗಿದ ಮೇಲೆ ಯಾರೂ ಓದುವುದಿಲ್ಲವಾದ್ದರಿಂದ ನಾವು ಬಹಳ ಧೈರ್ಯವಾಗಿ ನಿಜ ಬರೆಯುತ್ತೇವೆ. ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಸಾವಿರಕ್ಕೂ ಮಿಕ್ಕಿ ಒಳಚೀಟಿ ಬರೆದಿದ್ದೇನೆ. ಇಷ್ಟು ಉದ್ದದ್ದು ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಊರು ಹೇಗಿದೆ ಎಂದು ಮೊದಲು ತಿಳಿಸುತ್ತೇನೆ. ತಳವೂರು ಎಂಬ ಹೆಸರೇ ಹೇಳುವ ಹಾಗೆ, ನಾವಿರುವುದು ಹಳೆಯ ಹಿನ್ನೀರಿನ ತಳದಲ್ಲಿ. ಸುತ್ತಲಿನ ಗುಡ್ಡಗಳಲ್ಲಿ ನಿಮ್ಮ ಕಾಲದ ನೀರಿನ ಗೆರೆ ಈಗಲೂ ಕಾಣುತ್ತದೆ, ನಮ್ಮ ತಲೆಯ ಮೇಲೆ ಎಷ್ಟೋ ಆಳು ಎತ್ತರದಲ್ಲಿ. ಹೂಳಿನಲ್ಲಿ ಪಸೆ ಉಳಿದಿದೆ ಎಂದು ನಲವತ್ತು ವರ್ಷಗಳ ಹಿಂದೆ ಜನ ಇಲ್ಲಿಗೆ ಇಳಿದು ಬಂದರು. ಈಗ ಪಸೆಯೂ ಇಲ್ಲ. ಉಳಿದಿರುವುದು ನಲವತ್ತಮೂರು ಮನೆ. ನಾಲ್ಕು ದಿನಕ್ಕೊಮ್ಮೆ ನೀರುಗಾಡಿ ಬರುತ್ತದೆ. ಒಂದು ತಲೆಗೆ ದಿನಕ್ಕೆ ಎಂಟು ಬಟ್ಟಲು. ಪಾತ್ರೆಗಳನ್ನು ಹೂಳಿನ ಪುಡಿಯಲ್ಲೇ ತಿಕ್ಕಿ ಬಟ್ಟೆಯಿಂದ ಒರೆಸುತ್ತೇವೆ. ಮಕ್ಕಳಿಗೆ ಸ್ನಾನವೆಂದರೆ ಏನೆಂದು ಗೊತ್ತಿಲ್ಲ, ಒದ್ದೆ ಬಟ್ಟೆ ಗೊತ್ತು. ಮದುವೆಗಳೂ ಗಾಡಿಯ ಸಾಲಿನಲ್ಲೇ ಆಗುತ್ತವೆ, ಯಾಕೆಂದರೆ ಎಲ್ಲರೂ ಒಟ್ಟಿಗೆ ಸೇರುವುದು ಅಲ್ಲಿ ಮಾತ್ರ. ನಿಮ್ಮಲ್ಲಿ ಎದುರು ಸಿಕ್ಕವರನ್ನು ಊಟ ಆಯ್ತೇ ಎಂದು ಕೇಳುತ್ತಿದ್ದಿರಂತೆ. ನಾವು ನೀರು ಆಯ್ತೇ ಎಂದು ಕೇಳುತ್ತೇವೆ, ಮತ್ತು ಉತ್ತರಕ್ಕೆ ಕಾಯುವುದಿಲ್ಲ.

ಇಂಥ ಊರಿನಲ್ಲಿ ವಿಡಿಯೋ ರಿಪೇರಿಗೆ ಏನು ಕೆಲಸ ಎಂದು ನೀವು ನಗಬಹುದು. ನನ್ನ ನೋಟದ ಮನೆಗೆ, ಅಂದರೆ ಹಳೆಯ ಕ್ಯಾಸೆಟ್ಟು ರಿಪೇರಿ ಮಾಡಿ ಓಡಿಸಿ ತೋರಿಸುವ ಈ ಅಂಗಡಿಗೆ, ಸುತ್ತಲಿನ ಏಳು ಊರುಗಳಿಂದ ಜನ ಬರುತ್ತಾರೆ, ಮತ್ತು ಬಹಳ ಮಂದಿ ಬರುವುದು ನೀರು ನೋಡುವುದಕ್ಕೆ. ನಿಮ್ಮ ಮದುವೆಗಳ ಕ್ಯಾಸೆಟ್ಟಿನಲ್ಲಿ ಊಟದ ಪಂಕ್ತಿ ಬರುತ್ತದಲ್ಲ, ಒಬ್ಬ ಜಗ್ಗು ಹಿಡಿದು ಲೋಟಗಳಿಗೆ ನೀರು ಸುರಿಯುತ್ತಾ ಹೋಗುತ್ತಾನಲ್ಲ, ಆಗ ಇಲ್ಲಿ ಹಿಂದೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಉಂಡವರು ಅರ್ಧ ಕುಡಿದು ಉಳಿದದ್ದನ್ನು ಎಲೆಯ ಮೇಲೆ ಚೆಲ್ಲಿ ಏಳುವಾಗ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಾರೆ. ಒಬ್ಬ ಮುದುಕ ನಿಮ್ಮ ಕಡೆಯ ಯಾರೋ ಬೀಗರನ್ನು ಪರದೆಯ ಮುಂದೆಯೇ ನಿಂತು ಬೈದು ಹೋಗಿದ್ದ.

ನಿಮ್ಮ ಆಮೇಲಿನವರ ಸಾಮಾನುಗಳಿಂದ ನಮಗೆ ಏನೂ ಸಿಗಲಿಲ್ಲ. ಅವರ ಕಾಲವನ್ನು ನಾವು ಗೋಂದಿನ ಕಾಲ ಎನ್ನುತ್ತೇವೆ. ಫೋನುಗಳಿಗೂ ಕ್ಯಾಮೆರಾಗಳಿಗೂ ಸ್ಕ್ರೂ ಹಾಕುವುದನ್ನು ಬಿಟ್ಟು ಗೋಂದು ಹಾಕಿ ಅಂಟಿಸಿದರು. ಬಿಚ್ಚಲು ಹೋದರೆ ಗಾಜು ಒಡೆಯುತ್ತದೆ, ಬಿಚ್ಚದಿದ್ದರೆ ಒಳಗಿನ ಬ್ಯಾಟರಿ ಉಬ್ಬಿ ತಾನೇ ಒಡೆಯುತ್ತದೆ. ಲಕ್ಷಾಂತರ ಚಿತ್ರಗಳನ್ನು ಅವರು ಆಕಾಶದ ಉಗ್ರಾಣದಲ್ಲಿ ಇಟ್ಟಿದ್ದರಂತೆ. ಅದರ ಬೀಗದ ಕೈ ಯಾರ ಹತ್ತಿರವೂ ಉಳಿಯಲಿಲ್ಲ. ಅವರ ಹೊಳೆಯುವ ತಟ್ಟೆಗಳನ್ನು ನಾವು ಹಕ್ಕಿ ಬೆದರಿಸಲು ಕಟ್ಟುತ್ತಿದ್ದೆವು. ಈಗ ಹಕ್ಕಿಯೂ ಕಡಿಮೆ. ಉಳಿದದ್ದು ನಿಮ್ಮ ಕರಿ ಕ್ಯಾಸೆಟ್ಟು, ಐದು ಸ್ಕ್ರೂ ಬಿಚ್ಚಿದರೆ ಹೊಟ್ಟೆ ತೋರಿಸುವ ಆ ಪ್ರಾಮಾಣಿಕ ಡಬ್ಬಿ. ಬೂದಿ, ಬೇವಿನ ಸೊಪ್ಪು ಹಾಕಿ ಜೋಳದ ಕಣಜದಲ್ಲಿ ಇಟ್ಟಿದ್ದವು ಇವತ್ತಿಗೂ ಓಡುತ್ತವೆ.

ನನ್ನ ಬೆಂಚಿನ ಮೇಲೆ ಗೋಡೆಗೆ ಒಂದು ಹಾಳೆ ತೂಗುಹಾಕಿದೆ. ನಿಮ್ಮ ಕಾಲದ ಯಾವುದೋ ಟಿವಿ ರಿಪೇರಿ ಅಂಗಡಿಯದು. ಮೇಲೆ 'ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು' ಎಂದು ಅಚ್ಚಾಗಿದೆ. ಹತ್ತೊಂಬತ್ತು ಪ್ರಶ್ನೆ ಉಳಿದಿವೆ, ಕೆಳಗಿನದು ಹರಿದುಹೋಗಿದೆ. ಹುಸೇನಬಿ ನನಗೆ ಅಕ್ಷರ ಕಲಿಸಿದ್ದೇ ಅದರಿಂದ. ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ, ಯಾಕೆ? ಹೆಡ್ಡು ಕೊಳೆಯಾಗಿದೆ, ಸ್ಪಿರಿಟ್ಟಿನಿಂದ ಒರೆಸಿ. ಚಿತ್ರದ ಕೆಳಗೆ ಗೆರೆಗಳು ಓಡುತ್ತವೆ, ಏನು ಮಾಡಬೇಕು? ಟ್ರ್ಯಾಕಿಂಗ್ ತಿರುಗಿಸಿ. ಕ್ಯಾಸೆಟ್ಟಿಗೆ ಬಿಳಿ ಬೂಷ್ಟು ಹಿಡಿದಿದೆ, ಹಾಕಬಹುದೇ? ಹಾಕಬೇಡಿ, ಯಂತ್ರಕ್ಕೂ ಅಂಟುತ್ತದೆ. ಅಳಿಸಿಹೋದದ್ದನ್ನು ವಾಪಸ್ ತರಬಹುದೇ? ಸಾಧ್ಯವಿಲ್ಲ. ಈಗ ಹೇಳಿದ್ದು ಹನ್ನೆರಡನೆಯ ಪ್ರಶ್ನೆ. ಹಾಳೆಯಲ್ಲಿ ಇಷ್ಟು ಚಿಕ್ಕ ಉತ್ತರ ಬೇರೆ ಯಾವುದಕ್ಕೂ ಇಲ್ಲ.

ಏಳನೆಯ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಓಡುತ್ತಿರುವಾಗ ಚಿತ್ರ, ಧ್ವನಿ ಎರಡೂ ಒಟ್ಟಿಗೆ ಹೋದರೆ ಏನು ಮಾಡಬೇಕು? ಉತ್ತರ: ಗಾಬರಿಯಾಗಬೇಡಿ. ಮೊದಲು ಕೇಬಲ್ ನೋಡಿ.

ಈಗ ನಿಮ್ಮ ಕ್ಯಾಸೆಟ್ಟಿನ ವಿಷಯಕ್ಕೆ ಬರುತ್ತೇನೆ. ಅದನ್ನು ತಂದವಳು ನಮ್ಮೂರಿನ ದುಂಡವ್ವ, ಅವಳ ಗಂಡ ಯಮನಪ್ಪನ ಜೊತೆ. ಬೆನ್ನಿನ ಚೀಟಿಯಲ್ಲಿ 'ಚಿ. ಸೌ. ಕಸ್ತೂರಿ, ಚಿ. ಬಸಲಿಂಗಪ್ಪ, ಗೊರವನಾಳ, ಮೇ 1997, ಭಾಗ 2' ಎಂದು ಚಂದದ ಅಕ್ಷರ. ಅದರ ಕೆಳಗೆ ಬೇರೆ ಪೆನ್ನಿನಲ್ಲಿ ಅವಸರದ ಕೈಬರಹ: 'ಕ್ರಿಕೆಟ್'. ಕಸ್ತೂರಿ ದುಂಡವ್ವನ ಮುತ್ತಜ್ಜಿಯ ಅವ್ವ. ಗೊರವನಾಳ ಮುಳುಗಡೆಯಾದ ಊರು. ಈಗ ನಮ್ಮ ಪಾದದಡಿಯೇ ಮೂರಾಳು ಹೂಳಿನ ಕೆಳಗಿದೆ. ಅಗಸಿಯ, ಅಂದರೆ ಊರಬಾಗಿಲಿನ ಕಮಾನು ಮಾತ್ರ ಮೇಲೆ ಕಾಣುತ್ತದೆ. ಆ ಊರಿಗೊಂದು ಸಿಹಿನೀರಿನ ಮೆಟ್ಟಿಲುಬಾವಿ ಇತ್ತೆಂದೂ, ಯಾವ ಬರಗಾಲದಲ್ಲೂ ಬತ್ತಲಿಲ್ಲವೆಂದೂ, ಮುಳುಗುವ ಮುಂಚೆ ಹಿರಿಯರು ಅದಕ್ಕೆ ಚಪ್ಪಡಿ ಮುಚ್ಚಿದರೆಂದೂ ದುಂಡವ್ವನ ಮನೆಯಲ್ಲಿ ತಲೆಮಾರಿನಿಂದ ಹೇಳುತ್ತ ಬಂದಿದ್ದರು. ಎಲ್ಲಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಕಣ್ಣೆದುರಿಗೆ ಇದ್ದದ್ದರ ದಾರಿಯನ್ನು ಯಾರು ತಾನೇ ಹೇಳುತ್ತಾರೆ? ಆದರೆ ಮದುಮಗಳು ವಾಲಗದೊಡನೆ ಗಂಗೆಪೂಜೆಗೆ ಬಾವಿಗೆ ಹೋಗುವುದು ಆ ಕಾಲದ ಪದ್ಧತಿ, ವಿಡಿಯೋದವನು ಅದನ್ನು ಹಿಡಿಯದೆ ಬಿಟ್ಟಿರಲಾರ. ಮನೆಯಿಂದ ಬಾವಿಯವರೆಗಿನ ದಾರಿ ಆ ಕ್ಯಾಸೆಟ್ಟಿನಲ್ಲಿ ಇದ್ದೇ ಇರಬೇಕು ಎಂದು ಯಮನಪ್ಪ ಲೆಕ್ಕ ಹಾಕಿದ್ದ. ಅವನು ಜಾಣ ಮನುಷ್ಯ.

ಆ ಹೊತ್ತಿಗೆ ಊರಿಗೆ ಬಾವಿ ಬೇಕೇ ಬೇಕಾಗಿತ್ತು. ಈ ಬೇಸಿಗೆ ಮುಗಿದರೆ ನೀರುಗಾಡಿ ನಿಲ್ಲಿಸುತ್ತೇವೆ, ತಳವೂರು ಖಾಲಿ ಮಾಡಬೇಕು ಎಂದು ಗಾಡಿ ಕಳಿಸುವ ನೀರುಪಟ್ಟಿಯವರು ಹೇಳಿಹೋಗಿದ್ದರು. ಖಾಲಿಯಾದವರನ್ನು ಮೂರು ಶಿಬಿರಗಳಿಗೆ ಹಂಚುತ್ತಾರೆ, ಮನೆಯ ಲೆಕ್ಕದಲ್ಲಲ್ಲ, ದುಡಿಮೆಯ ಲೆಕ್ಕದಲ್ಲಿ: ದುಡಿಯುವವರು ಒಂದು ಕಡೆ, ಮಕ್ಕಳು ಒಂದು ಕಡೆ, ಮುದುಕರು ಒಂದು ಕಡೆ. ದುಂಡವ್ವನಿಗೆ ಇಬ್ಬರು ಹೆಣ್ಣುಮಕ್ಕಳು, ಆರು ವರ್ಷದವಳೊಬ್ಬಳು, ನಾಲ್ಕು ವರ್ಷದವಳೊಬ್ಬಳು. ಊರಿಗೆ ಸ್ವಂತ ನೀರಿದ್ದರೆ ಯಾರೂ ಎಬ್ಬಿಸುವಂತಿಲ್ಲ.

ಇಷ್ಟು ಹಳೆಯ ಟೇಪಿಗೆ ನಮ್ಮಲ್ಲಿ 'ಒಂದೇ ಓಟ' ಎಂಬ ನಿಯಮವಿದೆ. ಹೆಡ್ಡಿನ ಮೇಲೆ ಒಮ್ಮೆ ಓಡಿದರೆ ಅದರ ಮೇಲಿನ ಕಂದು ಪುಡಿ ಉದುರಿಹೋಗುತ್ತದೆ, ಎರಡನೆಯ ಸಲ ಬರೀ ಪಾರದರ್ಶಕ ಪಟ್ಟಿ. ಆದ್ದರಿಂದ ಓಡುವಾಗಲೇ ಪಕ್ಕದ ಹಿಡಿಪೆಟ್ಟಿಗೆಯಲ್ಲಿ ನಕಲು ಹಿಡಿಯುತ್ತೇವೆ. ಬೇಕಾದವರೆಲ್ಲ ಪರದೆಯ ಮುಂದೆ ಕೂರುತ್ತಾರೆ. ರಿಪೇರಿಯವಳು ಮಾತ್ರ ಚಿತ್ರ ನೋಡುವಂತಿಲ್ಲ, ಅವಳ ಕಣ್ಣು ಟೇಪಿನ ಮೇಲೇ ಇರಬೇಕು. ಇನ್ನೆರಡು ನಿಯಮಗಳಿವೆ. ಒಂದು, ಬೇರೆಯವರ ಕ್ಯಾಸೆಟ್ಟು ಓಡಿಸುವ ಯಂತ್ರದ ಬಾಯಿ ಹೊಲಿಯಬೇಕು, ಅಂದರೆ ರೆಕಾರ್ಡಿಂಗಿನ ತಂತಿಯನ್ನು ಕತ್ತರಿಸಿಡಬೇಕು. ಎರಡು, ಕ್ಯಾಸೆಟ್ಟಿನ ಬೆನ್ನಿನ ಮೂಲೆಯ ಹಲ್ಲು ಮುರಿದಿದೆಯೇ ನೋಡಬೇಕು. ಇದು ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ. ಆ ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿದರೆ ಅಲ್ಲೊಂದು ತೂತಾಗುತ್ತದೆ, ತೂತು ಕಂಡ ಯಂತ್ರ ಅದರ ಮೇಲೆ ರೆಕಾರ್ಡ್ ಮಾಡಲು ಒಪ್ಪುವುದಿಲ್ಲ. ಹುಸೇನಬಿಯ ಆಜ್ಞೆ ಹೀಗಿತ್ತು: "ನೋಡಬ್ಯಾಡ, ಬೆರಳಿಟ್ಟು ಮುಟ್ಟು."

ನಾನು ನೋಡಿದೆ, ಮುಟ್ಟಲಿಲ್ಲ. ತೂತು ಇತ್ತು. ಮದುವೆಯ ವಿಡಿಯೋದವನು ಹಲ್ಲು ಮುರಿದೇ ಕೊಟ್ಟಿದ್ದ, ಒಳ್ಳೆಯ ಮನುಷ್ಯ. ಅದರ ಮೇಲೆ ನೀವು ಅಂಟಿಸಿದ್ದ ಸೆಲ್ಲೋ ಟೇಪಿನ ತುಂಡು ಗಾಜಿನಷ್ಟು ತೆಳ್ಳಗೆ ಬಿಗಿಯಾಗಿ ಕೂತಿತ್ತು, ಅಂಚು ಮಾತ್ರ ಹಳದಿ. ನನ್ನ ಕಣ್ಣಿಗೆ ಅದು ಕಾಣಲಿಲ್ಲ. ಅದರ ಮೂಲಕ ತೂತು ಕಂಡಿತು. ಹಿರಿಯರೇ, ಒಂದು ಕ್ರಿಕೆಟ್ ಆಟಕ್ಕೋಸ್ಕರ ಮನೆಮಗಳ ಮದುವೆಯ ಬೀಗ ಮುರಿದಿರಲ್ಲ! ಅರ್ಧ ಮದುವೆಯ ಮೇಲೆ ಆಟ ಹತ್ತಿಸಿದ್ದೀರಿ. ನಿಮ್ಮ ಕಸ್ತೂರಿ ಬಾವಿಯಿಂದ ಕೊಡ ಹೊತ್ತು ಹೊರಟಿದ್ದಾಳೆ, ಮರುಕ್ಷಣ ಬಿಳಿ ಅಂಗಿಯವನೊಬ್ಬ ಚೆಂಡು ಹಿಡಿದು ಓಡಿಬರುತ್ತಾನೆ. ಅವಳಿಗೆ ತಾಳಿ ಕಟ್ಟಿದ್ದನ್ನು ನಾವು ಯಾರೂ ನೋಡಲಿಲ್ಲ. ಈ ಬೈಗುಳವನ್ನು ನಾನು ಬಹಳ ದಿನ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ್ದೇನೆ, ನನ್ನ ಪಾಲಿನ ತಪ್ಪು ಹೇಳುವುದನ್ನು ಮುಂದೂಡಲು ಅದು ಒಳ್ಳೆಯ ನೆಪ.

ನನ್ನ ಪಾಲು ಇದು. ಆ ಯಂತ್ರವನ್ನು ನಾನು ಮೂರು ಸತ್ತ ಯಂತ್ರಗಳಿಂದ ಕಟ್ಟಿದ್ದೆ. ಹಿಂದಿನ ದಿನ ಅದು ಮೊದಲ ಸಲ ಗುಂಯ್ ಎಂದು ತಿರುಗಿದಾಗ ನನಗೊಂದು ಆಸೆ ಹುಟ್ಟಿತು. ನಿಮ್ಮೆಲ್ಲರನ್ನೂ ಇಷ್ಟು ವರ್ಷ ನೋಡಿದ್ದೇನೆ, ಕ್ಯಾಮೆರಾ ಮುಂದೆ ನಾಚುತ್ತೀರಿ, ಸೆರಗು ಸರಿಮಾಡಿಕೊಳ್ಳುತ್ತೀರಿ, ಅತ್ತ ನೋಡಿದ ಹಾಗೆ ಮಾಡಿ ಇತ್ತ ನೋಡುತ್ತೀರಿ. ನಾನು ಹೇಗೆ ಕಾಣುತ್ತೇನೆ ಎಂದು ನೋಡಬೇಕೆನಿಸಿತು. ಹೊಲಿದ ಬಾಯಿ ಬಿಚ್ಚಿ, ತಂತಿ ಜೋಡಿಸಿ, ಹಳೆಯ ಕ್ಯಾಮೆರಾ ಸಿಕ್ಕಿಸಿ, ಖಾಲಿ ಟೇಪಿನ ಮೇಲೆ ನನ್ನನ್ನು ನಾನೇ ಒಂದು ನಿಮಿಷ ಹಿಡಿದುಕೊಂಡೆ. ಐವತ್ತು ದಾಟಿದ ಹೆಂಗಸು, ಕೆನ್ನೆ ಒಳಗೆ ಹೋಗಿದೆ, ಕತ್ತು ನೀಳ. ನಿಮ್ಮ ಹಾಗೆಯೇ ಸೆರಗು ಸರಿಮಾಡಿಕೊಂಡೆ. ಕ್ಯಾಮೆರಾ ತೆಗೆದೆ. ತಂತಿ ಕತ್ತರಿಸುವುದನ್ನು ನಾಳೆ ಬೆಳಿಗ್ಗೆಗೆ ಬಿಟ್ಟೆ. ಬೆಳಿಗ್ಗೆ ಜನ ಬಂದು ಕೂತಿದ್ದರು.

ಓಟ ಶುರುವಾಯಿತು. ಯಮನಪ್ಪ ಹೆಜ್ಜೆ ಎಣಿಸುತ್ತಿದ್ದ, ದುಂಡವ್ವ ತನಗೆ ಕಂಡದ್ದನ್ನು ಜೋರಾಗಿ ಹೇಳುತ್ತಿದ್ದಳು. ಮನೆ ಬಿಟ್ಟರು, ಹಿಟ್ಟಿನ ಗಿರಣಿ ಬಂತು, ಅಗಸಿ ದಾಟಿದರು, ಅಗಸಿಯ ಮುಂದೆ ಬೇವಿನ ಕಟ್ಟೆ. ಅಲ್ಲಿಗೆ ಬಂದಾಗ ಟೇಪು ಕಿರುಗುಟ್ಟಿತು. ಒಂದು ಕ್ಷಣ ತಡೆಯೋಣ ಎಂದು ಕೀಲಿಗಳ ಮೇಲೆ ಬೆರಳಿಟ್ಟೆ. ಮೂರು ಯಂತ್ರಗಳ ಕೀಲಿ, ಅಕ್ಕಪಕ್ಕದವು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ಒಟ್ಟಿಗೆ ಒಳಗೆ ಹೋದವು. ಪರದೆ ಕಪ್ಪಾಯಿತು, ವಾಲಗ ನಿಂತಿತು. "ಅಕ್ಕಾರ, ಚಿತ್ರ ಹೋತ್ರೀ!" ಎಂದು ದುಂಡವ್ವ ಕೂಗಿದಳು.

ನಾನು ಗಾಬರಿಯಾಗಲಿಲ್ಲ. ಏಳನೆಯ ಪ್ರಶ್ನೆ. ಮೊದಲು ಕೇಬಲ್ ನೋಡಿದೆ. ಪರದೆಯ ಕಡೆಯ ತುದಿ ತಿರುವಿದೆ, ಯಂತ್ರದ ಕಡೆಯ ತುದಿ ಕಿತ್ತು ಹಾಕಿದೆ, ಹಿಡಿಪೆಟ್ಟಿಗೆಯದ್ದನ್ನೂ ನೋಡಿದೆ. ಆಮೇಲೆ ಯಂತ್ರದ ಮುಖದ ಮೇಲೆ, ನನಗೆ ಮಾತ್ರ ಕಾಣುವ ಕಡೆಯಲ್ಲಿ, ಒಂದು ಕೆಂಪು ದೀಪ ಉರಿಯುತ್ತಿರುವುದು ಕಂಡಿತು. ಅದು ರೆಕಾರ್ಡಿಂಗಿನ ದೀಪ. ನಾನು ಕೇಬಲ್ ನೋಡುತ್ತಿದ್ದಷ್ಟು ಹೊತ್ತೂ ಯಂತ್ರ ಏನೂ ಇಲ್ಲದ್ದನ್ನು ಕಸ್ತೂರಿಯ ಮೇಲೆ ಬರೆಯುತ್ತಿತ್ತು. ಇಪ್ಪತ್ತೊಂದು ಸೆಕೆಂಡು. ಕೀಲಿ ಮೇಲೆತ್ತಿ ಮತ್ತೆ ಓಡಿಸಿದಾಗ ಮದುಮಗಳು ಬಾವಿಯ ಮೆಟ್ಟಿಲ ಮೇಲೆ ಕೂತು ಅರಿಷಿಣ ಹಚ್ಚುತ್ತಿದ್ದಳು. ನೀರು ತುಂಬಿ ನಿಂತಿತ್ತು. ಜನ ಹೋ ಎಂದರು.

ಏನಾಗಿತ್ತು ಎಂದು ಯಮನಪ್ಪ ಕೇಳಿದ. ಅವನ ದನಿಯಲ್ಲಿ ಅನುಮಾನ ಎಳ್ಳಷ್ಟೂ ಇರಲಿಲ್ಲ. ಬೂಷ್ಟು ತಿಂದಿದೆ ಎಂದೆ. ಮಾತು ಅಷ್ಟು ಸಲೀಸಾಗಿ ಬಂತು, ನನಗೇ ಹೆದರಿಕೆಯಾಯಿತು.

ಹಿಡಿಪೆಟ್ಟಿಗೆಯ ನಕಲನ್ನು ಹತ್ತಾರು ಸಲ ನೋಡಿದರು. ಕಪ್ಪಾಗುವ ಮುಂಚಿನ ಕೊನೆಯ ಚಿತ್ರದಲ್ಲಿ ವಾಲಗದವರು ಕಟ್ಟೆಯ ಎದುರಿಗೆ ಬಂದು ಎಡಕ್ಕೆ ಹೊರಳಿದ್ದಾರೆ, ಕಸ್ತೂರಿಯ ಕಾಲೂ ಎಡಕ್ಕೆ ಎತ್ತಿದೆ. ಅಂದ ಮೇಲೆ ಬಾವಿ ಎಡಕ್ಕೆ. ನನ್ನನ್ನೂ ಕೇಳಿದರು, ನಾನೂ ಎಡಕ್ಕೇ ಎಂದೆ. ಮೊದಲು ಕಟ್ಟೆಯನ್ನು ತೋಡಿ ತೆಗೆದು, ಅಲ್ಲಿಂದ ಎಡಕ್ಕೆ ಇಪ್ಪತ್ತಾರು ದಿನ ಊರಿಗೆ ಊರೇ ಅಗೆಯಿತು. ಹಳೆಯ ನೆಲ ಸಿಕ್ಕಿತು. ಜಾಲಿಯ ಬೇರು, ಒಂದು ಹರಕು ಚಪ್ಪಲಿ. ಮೆಟ್ಟಿಲಿಲ್ಲ, ಚಪ್ಪಡಿಯಿಲ್ಲ. ಇನ್ನು ಸ್ವಲ್ಪ ಮುಂದಿರಬೇಕು ಎಂದು ಯಮನಪ್ಪ ಗೋಡೆಯ ಬುಡವನ್ನು ಒಳಕ್ಕೆ ಕೊರೆಯುತ್ತಾ ಹೋದ. ಇಪ್ಪತ್ತೇಳನೆಯ ದಿನ ಮಧ್ಯಾಹ್ನ ಹೂಳಿನ ಗೋಡೆ ಕುಸಿಯಿತು. ಅವನನ್ನು ಹೊರಗೆ ತೆಗೆಯುವಷ್ಟರಲ್ಲಿ ಮುಗಿದಿತ್ತು. ಅವನ ಬಾಯಿಯ ತುಂಬ ಒಣ ಮಣ್ಣು. ತೊಳೆಯಲು ಊರಿನ ಪ್ರತಿ ಮನೆಯಿಂದ ಒಂದೊಂದು ಬಟ್ಟಲು ತಂದರು. ನಾನೂ ಒಂದು ಬಟ್ಟಲು ತಂದೆ.

ನಮ್ಮ ಊರಿನ ಹಿರಿಯ ಮುದಕಪ್ಪಜ್ಜ ಅವತ್ತೇ ಕೆಲಸ ನಿಲ್ಲಿಸಿದ. "ಗಂಗವ್ವ ತಾನ ಬಾಯಿ ಮುಚ್ಚಿಕೊಂಡಾಳ. ದಾರಿ ತೋರಸೂದು ಆಕಿಗೆ ಮನಸಿಲ್ಲ. ಇನ್ನ ಒಂದು ಬುಟ್ಟಿ ಮಣ್ಣೂ ಎತ್ತಬ್ಯಾಡ್ರಿ" ಎಂದ. ಎಲ್ಲರೂ ಒಪ್ಪಿದರು. ದಾರಿ ತಿರುಗುವ ಕಡೆಯಲ್ಲೇ, ಅದೊಂದೇ ಕಡೆಯಲ್ಲಿ ಚಿತ್ರ ಹೋಗಿದೆಯಲ್ಲ, ಅದು ಬೂಷ್ಟಿನ ಕೆಲಸವೇ? ದೈವದ ಕೆಲಸ. ನನ್ನ ಕೆಂಪು ದೀಪ ಊರಿಗೆ ದೇವರಾಗಿಬಿಟ್ಟಿತು. ದುಂಡವ್ವನಿಗಂತೂ ತನ್ನ ವಂಶದ ಯಾವುದೋ ಪಾಪವೇ ಬಾವಿಯನ್ನು ಮರೆಮಾಡಿದೆ, ಗಂಡನನ್ನು ನುಂಗಿದೆ ಎಂಬ ನಂಬಿಕೆ. ಅವಳು ನನ್ನ ಮೇಲೆ ಒಂದು ಮಾತು ಆಡಿಲ್ಲ. ಬದಲಿಗೆ ತನ್ನ ಪಾಲಿನ ನೀರಿನಲ್ಲಿ ಅರ್ಧ ಬಟ್ಟಲನ್ನು ದಿನಾ ನನಗೆ ಕಳಿಸುತ್ತಾಳೆ, ನಾನು ಅವಳ ಕಸ್ತೂರಜ್ಜಿಯ ಮುಖ ತೋರಿಸಿದ್ದಕ್ಕೆ. ಬೇಡವೆಂದರೆ ಅಳುತ್ತಾಳೆ. ಕುಡಿಯುತ್ತೇನೆ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಚೀಟಿಯನ್ನು ಮಡಚಿ ಯಂತ್ರದೊಳಗೆ ಹಾಕಿ ಸ್ಕ್ರೂ ಬಿಗಿಯುತ್ತಿದ್ದೆ. ಆದರೆ ಐದು ದಿನದ ಹಿಂದೆ ಗುಡ್ಡದಾಚೆಯ ಊರಿನವರು ಇನ್ನೊಂದು ಮದುವೆಯ ಕ್ಯಾಸೆಟ್ಟು ತಂದರು. ಓಟ ಮುಗಿದ ಮೇಲೆ ನಕಲು ಸರಿಯಾಗಿದೆಯೇ ಎಂದು ನಾನೊಬ್ಬಳೇ ಕೂತು ನೋಡುತ್ತಿದ್ದೆ. ಅಲ್ಲೂ ಗಂಗೆಪೂಜೆ. ಅಲ್ಲೂ ಅಗಸಿಯ ಮುಂದೊಂದು ಕಟ್ಟೆ. ವಾಲಗದವರು ಕಟ್ಟೆಯ ಎದುರಿಗೆ ಬಂದರು, ಎಡಕ್ಕೆ ಹೊರಳಿದರು, ಮದುಮಗಳು ಎಡಗಾಲು ಎತ್ತಿದಳು. ಆಮೇಲೆ ಕಟ್ಟೆಯನ್ನು ಬಲಗೈಗೆ ಇಟ್ಟುಕೊಂಡು ಪೂರ್ತಿ ಒಂದು ಸುತ್ತು ಬಂದರು, ಕೈಮುಗಿದರು, ಮತ್ತು ಬಲಕ್ಕೆ ನಡೆದುಹೋದರು.

ನಿಮಗೆ ಇದರಲ್ಲಿ ಬೆರಗೇನೂ ಇಲ್ಲ. ಕಟ್ಟೆಗೆ ಒಂದು ಸುತ್ತು ಹಾಕಿ ಮುಂದೆ ಹೋಗುವುದು ನಿಮ್ಮಲ್ಲಿ ಮಕ್ಕಳಿಗೂ ಗೊತ್ತು. ನಮ್ಮಲ್ಲಿ ಕಟ್ಟೆಯೇ ಇಲ್ಲ, ಸುತ್ತುವುದು ಯಾರಿಗೆ ಗೊತ್ತಿರಬೇಕು? ಇದುವರೆಗೆ ನನ್ನ ಕೈಗೆ ಬಂದ ಕ್ಯಾಸೆಟ್ಟುಗಳಲ್ಲಿ ಉಳಿದಿದ್ದದ್ದು ಮಂಟಪ, ಊಟದ ಪಂಕ್ತಿ, ಅಷ್ಟೇ. ನಾವು ನೀರಿನ ಸಾಲಿನಲ್ಲಿ ನಿಂತು ಮದುವೆಯಾಗುವವರು, ನಮ್ಮ ದಾರಿಗಳೆಲ್ಲ ನೆಟ್ಟಗೆ. ಎಡಕ್ಕೆ ತಿರುಗಿದವರು ಎಡಕ್ಕೇ ಹೋದರು ಎಂದು ನಲವತ್ತಮೂರು ಮನೆಯವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಆ ಇಪ್ಪತ್ತೊಂದು ಸೆಕೆಂಡು ಉಳಿದಿದ್ದರೆ ಕಸ್ತೂರಿ ನಮಗೆ ತಾನೇ ತೋರಿಸುತ್ತಿದ್ದಳು. ಬಾವಿ ಬಲಕ್ಕೆ ಇದ್ದೇ ಇದೆ ಎಂದು ನಾನು ಪ್ರಮಾಣ ಮಾಡಲಾರೆ, ಇದು ಒಳಚೀಟಿ. ಎಡಕ್ಕೆ ಇಲ್ಲ ಎಂಬುದು ಮಾತ್ರ ಯಮನಪ್ಪನಿಂದ ಗೊತ್ತಾಗಿದೆ.

ಗಾಡಿ ನಿಲ್ಲಲು ಇನ್ನು ಒಂಬತ್ತು ದಿನ. ಅಗೆದಾಗಿನ ತೊಲೆ, ಹಲಗೆ, ಹಗ್ಗ ಎಲ್ಲ ಅಲ್ಲೇ ಬಿದ್ದಿವೆ, ಆಳ ಎಷ್ಟೆಂದು ಈಗ ತಿಳಿದಿದೆ, ಕಟ್ಟೆ ಹೊರಗೆ ಬಂದಿದೆ. ಎಲ್ಲರೂ ಕೈಹಾಕಿದರೆ ಎಂಟು ದಿನ ಸಾಕಾಗಬಹುದು. ಆದರೆ ಯಾರೂ ಕೈಹಾಕುವುದಿಲ್ಲ, ದೈವ ಬೇಡವೆಂದಿದೆ. ಬಲಕ್ಕೆ ಅಗೆಯಿರಿ ಎಂದು ನಾನು ಬರಿದೇ ಹೇಳಿದರೆ, ಇನ್ನೊಬ್ಬರನ್ನು ಸಾಯಿಸುತ್ತೀಯಾ ಎನ್ನುತ್ತಾರೆ. ಅದು ದೈವವಲ್ಲ, ಕೆಂಪು ದೀಪ, ನನ್ನ ಎರಡು ಬೆರಳು, ನನ್ನ ಮುಖ ನೋಡಿಕೊಳ್ಳುವ ಆಸೆ ಎಂದು ಹೇಳಿದರೆ ಮಾತ್ರ ಸಲಿಕೆ ಎತ್ತುತ್ತಾರೆ. ಇದು ನನಗೆ ಐದು ದಿನದ ಹಿಂದೆಯೇ ಗೊತ್ತಾಯಿತು. ಐದು ದಿನ ಸುಮ್ಮನಿದ್ದೆ. ಹದಿನಾಲ್ಕು ದಿನ ಇದ್ದದ್ದು ಒಂಬತ್ತಾಯಿತು. ನನಗೆ ದುಂಡವ್ವನ ಭಯ. ಅವಳು ಹೊಡೆದರೆ ತಡೆದುಕೊಂಡೇನು, ಸುಮ್ಮನೆ ನೋಡಿದರೆ ಏನು ಮಾಡಲಿ ಎಂಬ ಭಯ.

ಹಿರಿಯರೇ, ನಿಮ್ಮಿಂದ ನನಗೆ ಬೇಕಾದದ್ದು ಸಣ್ಣ ಕೆಲಸ. ಈ ಕಾಗದ ನಿಮಗೆ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಕಪಾಟಿನಲ್ಲಿರುವ ಕ್ಯಾಸೆಟ್ಟನ್ನು ಹೊರಗೆ ತೆಗೆಯಿರಿ. ಬೆನ್ನಿನ ಮೂಲೆಯ ಸೆಲ್ಲೋ ಟೇಪನ್ನು ಉಗುರಿನಿಂದ ಕಿತ್ತುಹಾಕಿ. ಆಟ ಬೇಕಾದರೆ ಬೇರೆ ಕ್ಯಾಸೆಟ್ಟು ಕೊಳ್ಳಿ. ಮತ್ತು ಚೀಟಿಯ ಮೇಲೆ ಮದುಮಕ್ಕಳ ಹೆಸರಿನ ಕೆಳಗೆ ಒಂದೇ ಒಂದು ಸಾಲು ಬರೆಯಿರಿ: ಬಾವಿ ಕಟ್ಟೆಯ ಯಾವ ಕಡೆಗೆ, ಎಷ್ಟು ಹೆಜ್ಜೆ. ನಿಮ್ಮ ಮನೆಯವರು ನಗುತ್ತಾರೆ, ಕಣ್ಣೆದುರಿಗೆ ಇರುವುದನ್ನು ಬರೆಯುವುದೇನು ಎನ್ನುತ್ತಾರೆ. ನಗಲಿ.

ನೀವು ಬರೆಯಲಿಲ್ಲ ಎಂಬುದು ನನಗೆ ಗೊತ್ತಿದೆ. ಆದ್ದರಿಂದ ಈ ಚೀಟಿಯನ್ನು ನಾನು ಯಂತ್ರದೊಳಗೆ ಇಡುತ್ತಿಲ್ಲ. ಕವಚ ತೆರೆದೇ ಇದೆ, ಸ್ಕ್ರೂಗಳು ಬಟ್ಟಲಿನಲ್ಲಿವೆ. ಹೊರಗೆ ಗಾಡಿಯ ಗಂಟೆ ಕೇಳಿಸುತ್ತಿದೆ, ಊರೆಲ್ಲ ಸಾಲಿನಲ್ಲಿ ನಿಂತಿರುತ್ತದೆ, ಮುದಕಪ್ಪಜ್ಜನೂ ಇರುತ್ತಾನೆ. ಅಲ್ಲಿಗೆ ಹೋಗಿ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಇದನ್ನು ಓದುತ್ತೇನೆ. ಒಳಚೀಟಿಯನ್ನು ಬದುಕಿರುವವರ ಮುಂದೆ ಓದಿದ ಮೊದಲಿಗಳು ನಾನೇ ಇರಬೇಕು.

ದುಂಡವ್ವ ಕಳಿಸಿದ ಇವತ್ತಿನ ಅರ್ಧ ಬಟ್ಟಲು ನನ್ನ ಬೆಂಚಿನ ಮೇಲಿದೆ. ಕುಡಿದಿಲ್ಲ, ತಟ್ಟೆ ಮುಚ್ಚಿಟ್ಟಿದ್ದೇನೆ. ಅದನ್ನೂ ತೆಗೆದುಕೊಂಡು ಹೋಗುತ್ತೇನೆ. ಓದಿ ಮುಗಿಸಿದ ಮೇಲೆ ಅವಳ ಕೈಗೆ ಕೊಡುತ್ತೇನೆ. ಆಗಲೂ ಅವಳು ಕುಡಿ ಎಂದರೆ ಕುಡಿಯುತ್ತೇನೆ.

ಇಂತಿ,
ಸಂಕವ್ವ